‘ಆಲ್’ ಜೊತೆ ಆಲ್ಮೋಸ್ಟ್, ಅಟ್, ಓವರ್: ಯಾವುದು ಎಲ್ಲಿ ಸೇರುತ್ತೆ?

ಮಾಲೂರು ಪಾಠ

ನಮಸ್ಕಾರ. ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದ ಮಕ್ಕಳಿಗಾಗಿ ‘ಆಲ್’ ಬಗ್ಗೆ ಒಂದು ಪಾಠ ಸಿದ್ಧ ಮಾಡ್ತಿದ್ದೀನಿ. ‘ಆಲ್ ದ ಸ್ಟೂಡೆಂಟ್ಸ್’, ‘ಆಲ್ ಆಫ್ ದೆಮ್’ ವರೆಗೂ ತೊಂದರೆ ಇಲ್ಲ. ಅದರ ಪಕ್ಕಕ್ಕೆ ಕ್ರಿಯಾವಿಶೇಷಣವೋ ಪ್ರಿಪೊಸಿಷನ್ನೋ ಬಂದ ಕೂಡಲೇ ಎಡವುತ್ತಾರೆ. ಪದೇ ಪದೇ ಕಾಣೋ ವಾಕ್ಯಗಳು ಇವು:

‘ಅಪ್ರಾಕ್ಸಿಮೇಟ್ಲಿ ಆಲ್ ಪೀಪಲ್ ಕೇಮ್.’
‘ಆಲ್ಮೋಸ್ಟ್ ಮೆನಿ ಫಾರ್ಮರ್ಸ್ ಗ್ರೋ ಟೊಮ್ಯಾಟೊ.’
‘ಇಟ್ ರೇನ್ಡ್ ಇನ್ ಆಲ್ ಓವರ್ ಕೋಲಾರ್.’
‘ಹಿ ಈಸ್ ಆಫ್ಟರ್ ಆಲ್ ಕ್ಲರ್ಕ್.’

ಕೆಂಪು ಗೆರೆ ಎಳೆಯೋದು ಸುಲಭ, ಕಾರಣ ಹೇಳೋದು ಕಷ್ಟ. ಇನ್ನು ಅಟ್ ಆಲ್, ಆಫ್ಟರ್ ಆಲ್, ಇನ್ ಆಲ್, ಅಬವ್ ಆಲ್ ಇವನ್ನೆಲ್ಲ ಬಾಯಿಪಾಠ ಮಾಡಿಸೋದೇ ಗತಿನಾ, ಹಿಡಿಯೋಕೆ ಒಂದು ಗುರುತು ಇದೆಯಾ?

ತಿಪಟೂರು ವ್ಯಾಕರಣ

ಮೇಡಂ, ಮೊದಲೆರಡು ವಾಕ್ಯಕ್ಕೆ ಕಾರಣ ಒಂದೇ. ‘ಆಲ್’ ಅಂದರೆ ಕೊನೆಯ ಗೆರೆ, ನೂರಕ್ಕೆ ನೂರು. ಆ ಗೆರೆಗೆ ಎಷ್ಟು ಹತ್ತಿರ ಬಂದಿದ್ದೀವಿ ಅಂತ ಹೇಳೋ ಪದಗಳು ಮಾತ್ರ ಅದರ ಮೊದಲು ನಿಲ್ಲುತ್ತವೆ: ಆಲ್ಮೋಸ್ಟ್, ನಿಯರ್ಲಿ, ಪ್ರಾಕ್ಟಿಕಲಿ, ವರ್ಚುವಲಿ, ಜಸ್ಟ್ ಅಬೌಟ್. ಗೆರೆ ಮುಟ್ಟಲಿಲ್ಲ ಅನ್ನೋಕೆ ನಾಟ್. ‘ವೆರಿ ಆಲ್’ ಆಗಲ್ಲ, ಯಾಕಂದ್ರೆ ಎಲ್ಲಕ್ಕಿಂತ ಹೆಚ್ಚು ಎಲ್ಲ ಅನ್ನೋದು ಇಲ್ಲ. ‘ವೆರಿ ನಿಯರ್ಲಿ ಆಲ್’ ಮಾತ್ರ ಸರಿ, ಅಲ್ಲಿ ವೆರಿ ಸೇರಿರೋದು ನಿಯರ್ಲಿಗೆ. ಹಾಗಂತ ‘ವೆರಿ ಆಲ್ಮೋಸ್ಟ್’ ಬರೆಯೋ ಹಾಗಿಲ್ಲ.

ಮೆನಿ, ಸಮ್ ಇವಕ್ಕೆ ಕೊನೆಯ ಗೆರೆಯೇ ಇಲ್ಲ. ಅದಕ್ಕೇ ‘ಆಲ್ಮೋಸ್ಟ್ ಮೆನಿ’ ತಪ್ಪು. ಇದರ ಬೇರು ನಮ್ಮ ‘ಸುಮಾರು’ ಪದದಲ್ಲಿದೆ. ‘ಸುಮಾರು ಜನ ಬಂದಿದ್ರು’ ಅಂದರೆ ಸಾಕಷ್ಟು ಜನ, ‘ಸುಮಾರು ನೂರು ಜನ’ ಅಂದರೆ ಅಂದಾಜು. ಮಕ್ಕಳು ಎರಡನ್ನೂ ಒಂದೇ ಇಂಗ್ಲಿಷ್ ಪದಕ್ಕೆ ಕಟ್ಟುತ್ತಾರೆ. ಮೊದಲನೆಯದಕ್ಕೆ ‘ಕ್ವೈಟ್ ಎ ಲಾಟ್ ಆಫ್’, ಎರಡನೆಯದಕ್ಕೆ ‘ಅಬೌಟ್’ ಅಥವಾ ‘ಅಪ್ರಾಕ್ಸಿಮೇಟ್ಲಿ’. ಈ ಎರಡು ಪದ ಅಂಕಿಗೆ ಸೇರಿದವು, ಆಲ್‌ಗೆ ಅಲ್ಲ. ‘ಹೆಚ್ಚುಕಡಿಮೆ ಎಲ್ಲ’ ಅಂತ ಮನಸ್ಸಲ್ಲಿದ್ದರೆ ಮಾತ್ರ ‘ಆಲ್ಮೋಸ್ಟ್ ಆಲ್’.

ಸೊನ್ನೆಯೂ ಒಂದು ಕೊನೆಯೇ. ಅದಕ್ಕೆ ‘ಆಲ್ಮೋಸ್ಟ್ ನೋಬಡಿ’ ನಡೆಯುತ್ತೆ. ‘ನಿಯರ್ಲಿ ನೋಬಡಿ’ ಮಾತ್ರ ಸರಿಹೋಗಲ್ಲ, ನಿಯರ್ಲಿ ಈ ತುದಿಗೆ ಒಗ್ಗುವುದಿಲ್ಲ.

ಜಾಗ ಬದಲಾದರೆ ಅರ್ಥವೂ ಬದಲು. ‘ಆಲ್ಮೋಸ್ಟ್ ಆಲ್ ದ ಮ್ಯಾಂಗೋಸ್ ವರ್ ರೈಪ್’ ಅಂದರೆ ಕೆಲವೇ ಕಾಯಿ ಹಣ್ಣಾಗಿಲ್ಲ. ‘ಆಲ್ ದ ಮ್ಯಾಂಗೋಸ್ ವರ್ ಆಲ್ಮೋಸ್ಟ್ ರೈಪ್’ ಅಂದರೆ ಒಂದೂ ಪೂರ್ತಿ ಹಣ್ಣಾಗಿಲ್ಲ. ಶ್ರೀನಿವಾಸಪುರದ ಕಡೆ ಮಕ್ಕಳಿಗೆ ಈ ವ್ಯತ್ಯಾಸ ವಿವರಿಸಬೇಕಾಗೇ ಇಲ್ಲ.

ಶಿಡ್ಲಘಟ್ಟ ಬಿಎಡ್

ಪ್ರಿಪೊಸಿಷನ್ ವಿಷಯಕ್ಕೆ ಬರ್ತೀನಿ. ಮೊದಲು ಯಾವುದು ಮುಂಚೆ ಇದೆ ನೋಡಿಸಿ.

ಆಲ್ ಮುಂಚೆ, ಪ್ರಿಪೊಸಿಷನ್ ಆಮೇಲೆ ಬಂದರೆ (ಆಲ್ ಓವರ್, ಆಲ್ ಅಲಾಂಗ್, ಆಲ್ ಥ್ರೂ, ಆಲ್ ರೌಂಡ್) ಆಲ್ ಅಲ್ಲಿ ‘ಪೂರ್ತಿ, ಒಂದಿಷ್ಟೂ ಬಿಡದೆ’ ಅನ್ನೋ ಒತ್ತು ಕೊಡುತ್ತೆ. ಜಾಗ ಹೇಳೋ ಕೆಲಸ ಓವರ್ ಆಗಲೇ ಮಾಡಿರುತ್ತೆ, ಇನ್ನೊಂದು ‘ಇನ್’ ಬೇಡ. ‘ಕೋಲಾರದಲ್ಲೆಲ್ಲ’ ಅನ್ನೋದರ ‘ಅಲ್ಲಿ’ ಪ್ರತ್ಯಯವೇ ಆ ಹೆಚ್ಚಿನ ‘ಇನ್’ ಆಗಿ ನುಸುಳಿರೋದು. ‘ಊರೆಲ್ಲ’ ಅಂತ ಯೋಚಿಸಿದರೆ ‘ಆಲ್ ಓವರ್ ದ ವಿಲೇಜ್’ ತಾನಾಗೇ ಬರುತ್ತೆ. ‘ರಾತ್ರಿಯೆಲ್ಲ’ ಬರೀ ‘ಆಲ್ ನೈಟ್’, ಬೇಕಿದ್ದರೆ ‘ಆಲ್ ಥ್ರೂ ದ ನೈಟ್’. ‘ಇನ್ ಆಲ್ ನೈಟ್’ ಇಲ್ಲ. ಆಲ್ ಅಲಾಂಗ್ ಎರಡು ಕೆಲಸ ಮಾಡುತ್ತೆ: ‘ಆಲ್ ಅಲಾಂಗ್ ದ ರೋಡ್’ ಅಂದರೆ ರಸ್ತೆಯುದ್ದಕ್ಕೂ, ‘ಐ ನ್ಯೂ ಇಟ್ ಆಲ್ ಅಲಾಂಗ್’ ಅಂದರೆ ಮೊದಲಿಂದಲೂ ಗೊತ್ತಿತ್ತು.

ಪ್ರಿಪೊಸಿಷನ್ ಮುಂಚೆ ಬಂದರೆ, ಆಲ್ ಆದಮೇಲೆ ನಾಮಪದ ಇದೆಯಾ ಅಂತ ಕೇಳಿಸಿ. ಇದ್ದರೆ ಅದು ಸಾಮಾನ್ಯ ಪ್ರಿಪೊಸಿಷನ್. ಇಲ್ಲದಿದ್ದರೆ ಒಂದೇ ಪದ ಅಂತ ಕಲಿಯಬೇಕಾದ ಜೋಡಿ.

‘ಶಿ ಈಸ್ ಗುಡ್ ಅಟ್ ಆಲ್ ಗೇಮ್ಸ್’: ಎಲ್ಲ ಆಟದಲ್ಲೂ ಜಾಣೆ. ‘ಈಸ್ ದಿಸ್ ಪೆನ್ ಎನಿ ಗುಡ್ ಅಟ್ ಆಲ್?’: ಈ ಪೆನ್ನು ಒಂಚೂರಾದ್ರೂ ಪ್ರಯೋಜನಕ್ಕೆ ಬರುತ್ತಾ?
‘ಇನ್ ಆಲ್ ತಾಲ್ಲೂಕ್ಸ್’: ಎಲ್ಲ ತಾಲ್ಲೂಕಿನಲ್ಲಿ. ‘ಸಿಕ್ಸ್ಟಿ ಬಾಕ್ಸಸ್ ಇನ್ ಆಲ್’: ಒಟ್ಟು ಅರವತ್ತು ಬಾಕ್ಸ್. ಒಂದು ‘ಆಲ್’ ಹೆಚ್ಚಾಗಿ ‘ಆಲ್ ಇನ್ ಆಲ್’ ಆದರೆ ಲೆಕ್ಕ ಹೋಗಿ ಅಭಿಪ್ರಾಯ ಬರುತ್ತೆ: ಒಟ್ಟಾರೆ ಹೇಳೋದಾದ್ರೆ.

ಅಟ್ ಆಲ್‌ಗೆ ಇನ್ನೊಂದು ಷರತ್ತು. ವಾಕ್ಯದಲ್ಲಿ ಇಲ್ಲ ಅನ್ನೋ ಅರ್ಥ, ಪ್ರಶ್ನೆ, ಇಫ್, ಹಾರ್ಡ್ಲಿ, ವಿದೌಟ್ ಇವುಗಳಲ್ಲಿ ಒಂದಾದರೂ ಬೇಕು. ‘ಐ ಲೈಕ್ ಇಟ್ ಅಟ್ ಆಲ್’ ನಿಲ್ಲಲ್ಲ. ‘ಎನಿ ಕಲರ್ ಅಟ್ ಆಲ್’ ಥರ ಎನಿ ಜೊತೆ ಮಾತ್ರ ವಿನಾಯಿತಿ ಇದೆ.

ಕುಣಿಗಲ್ ಓದುಗ

ಶಿಡ್ಲಘಟ್ಟದವರ ಗುರುತು ಒಳ್ಳೇದು, ಆದರೆ ‘ಫಾರ್ ಆಲ್’ ಹತ್ತಿರ ಕೈಕೊಡುತ್ತೆ. ‘ಫಾರ್ ಆಲ್ ಸ್ಟೂಡೆಂಟ್ಸ್’ ಎಲ್ಲ ವಿದ್ಯಾರ್ಥಿಗಳಿಗೆ, ಸರಿ. ‘ಫಾರ್ ಆಲ್ ಹಿಸ್ ಮನಿ, ಹಿ ಈಸ್ ನಾಟ್ ಹ್ಯಾಪಿ’ ಅಂದಾಗ ಆಮೇಲೆ ನಾಮಪದ ಇದ್ದರೂ ಅರ್ಥ ‘ಅಷ್ಟು ದುಡ್ಡಿದ್ದರೂ’. ‘ವಿತ್ ಆಲ್’ ಕೂಡ ಹೀಗೆ ತಿರುಗಬಹುದು. ಇಲ್ಲಿ ಮುಂದಿನ ವಾಕ್ಯ ಉಲ್ಟಾ ಹೊಡೆಯುತ್ತಾ ನೋಡಬೇಕು, ಬೇರೆ ಗುರುತಿಲ್ಲ.

ಆಫ್ಟರ್ ಆಲ್ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ನಮ್ಮ ಮಾತಿನಲ್ಲಿ ಕನ್ನಡ ಪದವೇ ಆಗಿಬಿಟ್ಟಿದೆ: ‘ಆಫ್ಟರ್ ಆಲ್ ಐದು ಮಾರ್ಕ್ಸ್‌ಗೆ ಜಗಳಾನಾ?’ ಇಲ್ಲಿ ಅರ್ಥ ಬರೀ, ಯಕಶ್ಚಿತ್. ಇಂಗ್ಲಿಷಲ್ಲಿ ಆ ಅರ್ಥ ಇಲ್ಲ. ಅಲ್ಲಿರೋದು ಎರಡು. ವಾಕ್ಯದ ಕೊನೆಯಲ್ಲಿ ‘ಶಿ ಕೇಮ್ ಆಫ್ಟರ್ ಆಲ್’: ಬರಲ್ಲ ಅಂದ್ಕೊಂಡಿದ್ವಿ, ಬಂದೇಬಿಟ್ಟಳು. ಮೊದಲಲ್ಲೋ ನಡುವೆಯೋ ಬಂದರೆ ಕಾರಣ ನೆನಪಿಸೋದು: ‘ಡೋಂಟ್ ಸ್ಕೋಲ್ಡ್ ಹಿಮ್. ಆಫ್ಟರ್ ಆಲ್, ಹಿ ಈಸ್ ಎ ಚೈಲ್ಡ್.’ ಎಷ್ಟಾದರೂ ಮಗು ಅಲ್ವಾ ಅಂತ. ಕ್ಲರ್ಕ್ ವಾಕ್ಯ ‘ಹಿ ಈಸ್ ಓನ್ಲಿ ಎ ಕ್ಲರ್ಕ್’ ಆಗಬೇಕು, ‘ಎ’ ಮರೆಯೋ ಹಾಗಿಲ್ಲ. ‘ಕೊನೆಗೂ’ ಅನ್ನೋದಕ್ಕೂ ಆಫ್ಟರ್ ಆಲ್ ಹಾಕ್ತಾರೆ, ಅದು ‘ಫೈನಲಿ’ ಅಥವಾ ‘ಅಟ್ ಲಾಸ್ಟ್’.

ಮಾಲೂರು ಪಾಠ

ಎಲ್ಲರಿಗೂ ಧನ್ಯವಾದ. ‘ಸುಮಾರು’ ವಿವರಣೆಯಿಂದಲೇ ಪಾಠ ಶುರು ಮಾಡ್ತೀನಿ. ಇನ್ನೆರಡು ಉಳಿದಿವೆ: ‘ಆಲ್ ಬಟ್’, ಆಮೇಲೆ ನಾಟ್ ಎಲ್ಲಿ ಬರಬೇಕು ಅನ್ನೋದು.

ತಿಪಟೂರು ವ್ಯಾಕರಣ

ಆಲ್ ಬಟ್ ಆದಮೇಲೆ ಅಂಕಿ ಅಥವಾ ನಾಮಪದ ಇದ್ದರೆ ‘ಬಿಟ್ಟು’: ‘ಆಲ್ ಬಟ್ ಟು ಪಾಸ್ಡ್’, ಇಬ್ಬರನ್ನು ಬಿಟ್ಟು ಎಲ್ಲರೂ ಪಾಸ್. ಕ್ರಿಯಾಪದ ಅಥವಾ ಗುಣವಾಚಕ ಇದ್ದರೆ ‘ಬಹುತೇಕ’: ‘ದ ಟ್ಯಾಂಕ್ ಈಸ್ ಆಲ್ ಬಟ್ ಡ್ರೈ’, ಕೆರೆ ಬತ್ತಿಹೋದ ಹಾಗೇ.

ನಾಟ್ ವಿಷಯ: ‘ಆಲ್ ಸ್ಟೂಡೆಂಟ್ಸ್ ಡಿಡ್ ನಾಟ್ ಪಾಸ್’ ಬರೆದರೆ ಎಲ್ಲರೂ ಫೇಲಾ, ಕೆಲವರು ಮಾತ್ರ ಫೇಲಾ ಅಂತ ಓದುವವರಿಗೆ ಗೊತ್ತಾಗಲ್ಲ. ಕನ್ನಡದ ‘ಎಲ್ಲರೂ ಪಾಸಾಗಲಿಲ್ಲ’ ಕೂಡ ಅಷ್ಟೇ ಗೊಂದಲ. ಕೆಲವರು ಫೇಲ್ ಆಗಿದ್ದರೆ ‘ನಾಟ್ ಆಲ್ ದ ಸ್ಟೂಡೆಂಟ್ಸ್ ಪಾಸ್ಡ್’, ಎಲ್ಲರೂ ಫೇಲ್ ಆಗಿದ್ದರೆ ‘ನನ್ ಆಫ್ ದ ಸ್ಟೂಡೆಂಟ್ಸ್ ಪಾಸ್ಡ್’ ಅಂತಲೇ ಬರೆಸಿ.

ಸ್ಪೆಲ್ಲಿಂಗ್ ಬಗ್ಗೆಯೂ ಒಂದು ಮಾತು. ಆಲ್ಮೋಸ್ಟ್ ಹುಟ್ಟಿದ್ದೇ ಆಲ್ ಮತ್ತು ಮೋಸ್ಟ್ ಸೇರಿ. ಆಲ್ಸೋ, ಆಲ್ವೇಸ್, ಆಲ್ರೆಡಿ, ಆಲ್ಟುಗೆದರ್ ಎಲ್ಲದರ ಒಳಗೂ ಆಲ್ ಇದೆ, ಕೂಡಿಕೊಂಡಾಗ ಒಂದು ‘ಎಲ್’ ಬಿದ್ದುಹೋಗಿದೆ. ಬಿಡಿಸಿ ಬರೆದರೆ ಎರಡು ಎಲ್ ವಾಪಸ್ ಬರುತ್ತವೆ, ಅರ್ಥ ಬೇರೆಯಾಗುತ್ತೆ: ಆಲ್ರೆಡಿ ‘ಆಗಲೇ’, ಆಲ್ ರೆಡಿ ‘ಎಲ್ಲ ಸಿದ್ಧ’. ಆಲ್ಟುಗೆದರ್ ‘ಪೂರ್ತಿಯಾಗಿ’, ಆಲ್ ಟುಗೆದರ್ ‘ಎಲ್ಲರೂ ಒಟ್ಟಿಗೆ’. ಡಿಕ್ಟೇಷನ್ ಕೊಡುವಾಗ ಬಿಡಿ ಪದ ಹೇಳಿದರೆ ಇವು ಕಿವಿಗೆ ಒಂದೇ ಥರ ಕೇಳುತ್ತವೆ, ಪೂರ್ತಿ ವಾಕ್ಯ ಓದಿ.