ನರ್ಸಿಂಗ್ ಹೋಮಿನ ಕೋಣೆ: ಕಿಟಕಿ ರಸ್ತೆಯ ಕಡೆಗೋ, ಅಡಿಕೆ ತೋಟದ ಕಡೆಗೋ?

ಪ್ರಶ್ನೆ: ಅಳತೆಪಟ್ಟಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಎಂಜಿನಿಯರ್. ಇದುವರೆಗೆ ಮನೆ, ಮಳಿಗೆ ಮತ್ತು ಒಂದು ಕಲ್ಯಾಣ ಮಂಟಪವನ್ನು ಕಟ್ಟಿಸಿದ್ದೇನೆಯೇ ಹೊರತು ಆಸ್ಪತ್ರೆಯನ್ನು ಕಟ್ಟಿಸಿದವನಲ್ಲ. ಈಗ ವೈದ್ಯ ದಂಪತಿ ಊರಿನ ಹೊರವಲಯದಲ್ಲಿ ಕಟ್ಟಿಸುತ್ತಿರುವ 24 ಹಾಸಿಗೆಗಳ ನರ್ಸಿಂಗ್ ಹೋಮಿನ ಕೆಲಸ ನನ್ನ ಕೈಯಲ್ಲಿದೆ. ಪತಿ ಮೂಳೆ ತಜ್ಞರು, ಪತ್ನಿ ಹೆರಿಗೆ ತಜ್ಞೆ. ಕಂಬ ಮತ್ತು ಸ್ಲ್ಯಾಬ್ ಮುಗಿದಿವೆ, ಗೋಡೆಗಳು ಇನ್ನೂ ಏಳಬೇಕಿವೆ. ಆದ್ದರಿಂದ ಕಿಟಕಿ ಬಾಗಿಲುಗಳ ಜಾಗವನ್ನು ಈಗಲೂ ಬದಲಿಸಬಹುದು.

ನಿವೇಶನದ ಪೂರ್ವಕ್ಕೆ ಹೆದ್ದಾರಿಯೂ ಒಂದು ಬಸ್ ತಂಗುದಾಣವೂ ಇವೆ, ಪಶ್ಚಿಮಕ್ಕೆ ಬೇರೆಯವರ ಅಡಿಕೆ ತೋಟವಿದೆ. ನಡುವೆ ಕಾರಿಡಾರ್, ಎರಡೂ ಬದಿಗೆ ಕೋಣೆಗಳು. ವೈದ್ಯರ ಇಚ್ಛೆಯಂತೆ ಸ್ಪೆಷಲ್ ರೂಮುಗಳು ರಸ್ತೆಯ ಕಡೆಗೆ, ಪೂರ್ತಿ ಗಾಜಿನ ಮುಖದೊಂದಿಗೆ ಬರಬೇಕು. ಒಳಗೆ ಫಾಲ್ಸ್ ಸೀಲಿಂಗ್, ಮಂಚದ ಹಿಂದಿನ ಗೋಡೆಗೆ ಹೂಬಳ್ಳಿಯ ವಾಲ್‌ಪೇಪರ್, ಹೊಳೆಯುವ ವಿಟ್ರಿಫೈಡ್ ಟೈಲ್ಸ್, ದೊಡ್ಡ ಟಿವಿ. ಒಟ್ಟಿನಲ್ಲಿ ಕೋಣೆ ಹೋಟೆಲಿನಂತೆ ಕಾಣಬೇಕು ಎನ್ನುತ್ತಾರೆ. ಮಂಚದ ಹಿಂದಿನ ಗೋಡೆಯನ್ನು ರೋಗಿ ಒಮ್ಮೆಯೂ ನೋಡುವುದಿಲ್ಲವಲ್ಲ ಎಂಬ ಸಂಶಯ ನನ್ನನ್ನು ಕಾಡುತ್ತಿದೆ, ಆದರೆ ಅದನ್ನು ಅವರೆದುರು ಆಧಾರವಿಲ್ಲದೆ ಹೇಳಲಾರೆ.

ಒಳಾಂಗಣಕ್ಕೆ ಉಳಿದಿರುವ ಹಣ ಹೆಚ್ಚಿಲ್ಲ. ಕೋಣೆಯ ಯಾವ ಅಂಶಗಳು ಮಲಗಿರುವವರ ಮನಸ್ಸಿನ ಮೇಲೆ ನಿಜವಾಗಿ ಪರಿಣಾಮ ಬೀರುತ್ತವೆ, ಯಾವುದು ಬರೀ ಅಲಂಕಾರ ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ 1: ಕಂಬತೊಲೆ, ಮಂಗಳೂರು

ತಮ್ಮ ಸಂಶಯ ಸರಿಯಾಗಿದೆ. ಆಸ್ಪತ್ರೆಯ ವಿನ್ಯಾಸದ ಬಗ್ಗೆ ಮಾತು ಬಂದಾಗಲೆಲ್ಲ ವಾಸ್ತುಶಿಲ್ಪಿಗಳಾದ ನಾವು ಮೊದಲು ನೆನೆಯುವುದು ಫಿನ್‌ಲೆಂಡಿನ ಪೈಮಿಯೊದಲ್ಲಿ 1933ರಲ್ಲಿ ಮುಗಿದ ಕ್ಷಯರೋಗಿಗಳ ಆಸ್ಪತ್ರೆಯನ್ನು. ಅದನ್ನು ರೂಪಿಸಿದ ಅಲ್ವಾರ್ ಆಲ್ಟೊ, ಕೋಣೆ ಎಂಬುದು ನಿಂತವನಿಗಲ್ಲ, ಅಂಗಾತ ಮಲಗಿದವನಿಗೆ ಎಂದು ತೀರ್ಮಾನಿಸಿಕೊಂಡು ಪ್ರತಿಯೊಂದನ್ನೂ ಅದರಂತೆ ಮಾಡಿದರು. ರೋಗಿ ದಿನವಿಡೀ ನೋಡುವುದು ಸೂರನ್ನಾದ್ದರಿಂದ ಅದಕ್ಕೆ ಗೋಡೆಗಿಂತ ಗಾಢವಾದ, ಕಣ್ಣು ಕುಕ್ಕದ ಹಸಿರು ಬಳಿಸಿದರು. ದೀಪವನ್ನು ಮಲಗಿದವನ ನೋಟದಿಂದ ಆಚೆಗೆ ಇಟ್ಟರು. ಪಕ್ಕದ ಹಾಸಿಗೆಯವನ ನಿದ್ದೆ ಕೆಡದಂತೆ, ನೀರು ಓರೆಯಾಗಿ ಬಿದ್ದು ಸದ್ದಾಗದ ಕೈತೊಳೆಯುವ ಬೇಸಿನ್ನನ್ನೇ ಮಾಡಿಸಿದರು. ಇವುಗಳಲ್ಲಿ ಯಾವುದೂ ಬಾಗಿಲಲ್ಲಿ ನಿಂತು ಫೋಟೊ ತೆಗೆದರೆ ಎದ್ದು ಕಾಣುವಂಥದ್ದಲ್ಲ.

ಆಧಾರ ಕೇಳಿದ್ದೀರಿ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ವೈದ್ಯರಿಗೆ ತೋರಿಸಬಹುದು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ಮಂದಿಯ ದಾಖಲೆಗಳನ್ನು ಅವರು ವಯಸ್ಸು, ಲಿಂಗ ಮುಂತಾದವು ಹೊಂದುವಂತೆ 23 ಜೋಡಿ ಮಾಡಿ ಹೋಲಿಸಿದರು. ಒಬ್ಬರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನೊಬ್ಬರ ಕಿಟಕಿಯಿಂದ ಇಟ್ಟಿಗೆಯ ಗೋಡೆ. ಮರ ಕಂಡವರು ಶಸ್ತ್ರಚಿಕಿತ್ಸೆಯ ನಂತರ ಸರಾಸರಿ 7.96 ದಿನಕ್ಕೆ ಮನೆಗೆ ಹೋದರೆ, ಗೋಡೆ ಕಂಡವರು 8.70 ದಿನಕ್ಕೆ ಹೋದರು. ಮರ ಕಂಡವರಿಗೆ ಬೇಕಾದ ಪ್ರಬಲ ನೋವುನಿವಾರಕಗಳೂ ಕಡಿಮೆ. ತೋಟ ತಮ್ಮ ಬೆನ್ನಿಗೇ ಇದೆ, ಅದಕ್ಕೆ ಕಾಸು ಕೊಡಬೇಕಾಗಿಯೂ ಇಲ್ಲ.

ಆದರೆ ಕಿಟಕಿಯ ಕೆಳಅಂಚು ಎಷ್ಟು ಎತ್ತರಕ್ಕಿದೆ ನೋಡಿ. ಮನೆಯ ರೂಢಿಯಂತೆ ಮೂರೂವರೆ ನಾಲ್ಕು ಅಡಿಗೆ ಇಟ್ಟರೆ ಮಲಗಿದವರಿಗೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಎರಡು, ಎರಡೂಕಾಲು ಅಡಿಗೆ ಇಳಿಸಿ, ಗಟ್ಟಿ ಗ್ರಿಲ್ ಹಾಕಿಸಿ. ಮಲೆನಾಡಿನ ಮಳೆ ಪಶ್ಚಿಮದಿಂದಲೇ ಹೊಡೆಯುವುದರಿಂದ ಒಂದೂವರೆ ಅಡಿಯ ಸಜ್ಜೆ ಸಾಲದು. ಇರಚಲಿಗೆ ಹೆದರಿ ಜೂನ್‌ನಿಂದ ಮೂರು ತಿಂಗಳು ಕಿಟಕಿ ಮುಚ್ಚಿಯೇ ಇಡುವುದಾದರೆ ತೋಟವಿದ್ದೂ ಇಲ್ಲದಂತೆ. ಸಾಧ್ಯವಿದ್ದರೆ ಆ ಬದಿಗೆ ನಾಲ್ಕೈದು ಅಡಿಯ ಜಗಲಿಯನ್ನು ಎಳೆಯಿರಿ; ಸಂಜೆಯ ಬಿಸಿಲಿಗೂ ಅದೇ ಮದ್ದು.

ಬಣ್ಣದ ಬಗ್ಗೆ ಒಂದೇ ಮಾತು. ಇಂಥ ಬಣ್ಣ ಇಂಥ ರೋಗ ವಾಸಿ ಮಾಡುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆಸ್ಪತ್ರೆಗೂ ಹಸಿರಿಗೂ ನಂಟು ಬೆಳೆದದ್ದರ ಹಿಂದೆ 1914ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೊದ ಶಸ್ತ್ರವೈದ್ಯರೊಬ್ಬರು ಆಪರೇಷನ್ ಥಿಯೇಟರಿಗೆ ಹಸಿರು ಬಳಿಸಿದ್ದೂ ಇದೆ. ರಕ್ತದ ಕೆಂಪನ್ನು ನೋಡಿ ನೋಡಿ ದಣಿಯುವ, ಬಿಳಿಯ ಝಳಕ್ಕೆ ಕುಕ್ಕುವ ವೈದ್ಯರ ಕಣ್ಣಿಗಾಗಿ ಮಾಡಿದ ಉಪಾಯ ಅದು, ರೋಗಿಯ ನೆಮ್ಮದಿಗಾಗಿ ಅಲ್ಲ.

ಉತ್ತರ 2: ವಾರ್ಡ್ ಸಿಸ್ಟರ್, ಹಾಸನ

ಇಪ್ಪತ್ತೆರಡು ವರ್ಷ ವಾರ್ಡುಗಳಲ್ಲಿ ದುಡಿದವಳಾಗಿ ನಾಲ್ಕು ಮಾತು ಹೇಳುತ್ತೇನೆ. ಕಂಬತೊಲೆಯವರು ಕಿಟಕಿಯ ಬಗ್ಗೆ ಬರೆದಿದ್ದನ್ನು ಒಪ್ಪುತ್ತೇನೆ, ಆದರೆ ರಾತ್ರಿ ಕಿಟಕಿಯಿಂದ ಏನೂ ಕಾಣುವುದಿಲ್ಲ, ಮತ್ತು ರೋಗಿಗೆ ಕಷ್ಟವಾಗುವುದು ರಾತ್ರಿಯಲ್ಲೇ.

ಮೊದಲನೆಯದು ಬಚ್ಚಲುಮನೆ. ಸೊಂಟದ ಅಥವಾ ಮಂಡಿಯ ಆಪರೇಷನ್ ಆದ ಎಷ್ಟೋ ವಯಸ್ಸಾದ ಹೆಂಗಸರು ಸಂಜೆ ಆರರ ಮೇಲೆ ನೀರೇ ಕುಡಿಯುವುದಿಲ್ಲ. ಕೇಳಿದರೆ ಬಾಯಾರಿಕೆಯಿಲ್ಲ ಎನ್ನುತ್ತಾರೆ. ನಿಜ ಸಂಗತಿಯೆಂದರೆ ರಾತ್ರಿ ಎದ್ದು ಹೋಗಬೇಕಾದೀತು, ಜಾರಿ ಬಿದ್ದೇನು, ಮಗನನ್ನು ಎಬ್ಬಿಸಬೇಕಾದೀತು ಎಂಬ ಅಂಜಿಕೆ. ಹಾಸಿಗೆಯಿಂದ ಕಮೋಡಿನವರೆಗೆ ಕೈಯಾಸರೆಯ ಸರಳು ಕಣ್ಣಿಗೆ ಕಾಣುವಂತೆ ಇರಲಿ. ಬಾಗಿಲಲ್ಲಿ ಒಂದಿಂಚಿನ ಹೊಸ್ತಿಲೂ ಬೇಡ. ನೀರು ಹೊರಬರದಿರಲು ನೆಲದ ವಾಟವನ್ನು ಒಳಗೇ ಸರಿಮಾಡಿ. ಚಿಲುಕ ಹೊರಗಿನಿಂದಲೂ ತೆಗೆಯಲು ಬರಬೇಕು. ಮಂಚದ ಕೆಳಗೆ, ಮೊಣಕಾಲಿಗಿಂತ ತಗ್ಗಿನಲ್ಲಿ, ಮಂದವಾದ ಹಳದಿ ದೀಪವೊಂದು ರಾತ್ರಿಯಿಡೀ ಉರಿಯಲಿ. ಇಷ್ಟು ಮಾಡಿದರೆ ಆ ತಾಯಂದಿರು ನೀರು ಕುಡಿಯುತ್ತಾರೆ. ಮನಸ್ಸಿನ ನೆಮ್ಮದಿಯೆಂದು ನಾನು ಕರೆಯುವುದು ಇದನ್ನೇ.

ಎರಡನೆಯದು ದೀಪದ ಸ್ವಿಚ್ಚು. ರಾತ್ರಿ ಎರಡು ಗಂಟೆಗೆ ಒಬ್ಬರ ಡ್ರಿಪ್ ಬದಲಿಸಬೇಕಾದಾಗ ನಾವು ಕೋಣೆಯ ಟ್ಯೂಬ್‌ಲೈಟನ್ನೇ ಹಾಕಬೇಕಾಗುತ್ತದೆ, ಏಕೆಂದರೆ ಬೇರೆ ದೀಪವಿರುವುದಿಲ್ಲ. ಪ್ರತಿ ಹಾಸಿಗೆಗೂ ತಲೆಯ ಹಿಂದಿನಿಂದ ಬೆಳಕು ಚೆಲ್ಲುವ ದೀಪ, ಅದರ ಸ್ವಿಚ್ಚು ರೋಗಿಯ ಕೈಗೆಟುಕುವಲ್ಲಿ. ಫ್ಯಾನಿನ ರೆಗ್ಯುಲೇಟರನ್ನೂ ಅಲ್ಲಿಯೇ ಇಡಿ. ತನ್ನ ಕೈಯಲ್ಲಿ ಯಾವುದೂ ಇಲ್ಲವೆಂಬ ಸ್ಥಿತಿಯಲ್ಲಿ ಮಲಗಿದವರಿಗೆ ಫ್ಯಾನನ್ನು ತಾವೇ ಕಡಿಮೆ ಮಾಡಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಸದ್ದಿನ ವಿಷಯಕ್ಕೆ ಬಂದರೆ, ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ. ಹೆದ್ದಾರಿಯ ಏರ್‌ಹಾರ್ನಿಗೆ ಈ ನಿಯಮ ಗೊತ್ತಿಲ್ಲ. ಆದರೂ ಹೊರಗಿನ ಸದ್ದಿಗಿಂತ ಹೆಚ್ಚು ಕಾಡುವುದು ಒಳಗಿನದು: ಎಳೆದಾಡುವ ಸ್ಟೂಲು, ಕಿರುಗುಟ್ಟುವ ಟ್ರಾಲಿ, ಕೈಜಾರಿದ ಸ್ಟೀಲ್ ಬೇಸಿನ್, ಧಡಾರನೆ ಮುಚ್ಚುವ ಬಾಗಿಲು. ಗಾಲಿಗಳಿಗೆ ರಬ್ಬರು, ಬಾಗಿಲುಗಳಿಗೆ ಕ್ಲೋಸರ್ ಹಾಕಿಸಲು ವಾಲ್‌ಪೇಪರಿನ ಹಣವೇ ಸಾಕು.

ಗೋಡೆಗೆ ತೀರಾ ಹಳದಿ ಅಥವಾ ನೀಲಿ ಬಳಿಸಬೇಡಿ, ವಿಶೇಷವಾಗಿ ಹಸುಗೂಸುಗಳಿರುವಲ್ಲಿ. ಆ ಬಣ್ಣ ಮೈಮೇಲೆ ಪ್ರತಿಫಲಿಸಿದರೆ ಕಾಮಾಲೆಯನ್ನೂ ಮೈ ನೀಲಿಗಟ್ಟುವುದನ್ನೂ ಗುರುತಿಸುವುದು ನಮಗೆ ಕಷ್ಟವಾಗುತ್ತದೆ.

ಕೊನೆಯದು, ಯಾರೂ ಕೇಳದ ಪ್ರಶ್ನೆ: ಯಾರಾದರೂ ತೀರಿಕೊಂಡರೆ ದೇಹವನ್ನು ಯಾವ ದಾರಿಯಿಂದ ಹೊರಗೆ ಒಯ್ಯುತ್ತೀರಿ? ತಮ್ಮ ನಕ್ಷೆಯಲ್ಲಿ ಒಂದೇ ಕಾರಿಡಾರಿದ್ದರೆ ಎಲ್ಲ ಕೋಣೆಗಳ ಬಾಗಿಲ ಮುಂದೆಯೇ ಒಯ್ಯಬೇಕಾಗುತ್ತದೆ. ಆ ರಾತ್ರಿ ವಾರ್ಡಿನಲ್ಲಿ ಯಾರೂ ಮಲಗುವುದಿಲ್ಲ.

ಉತ್ತರ 3: ಹನ್ನೊಂದನೇ ಬೆಡ್, ದಾವಣಗೆರೆ

ನಾನು ನಿವೃತ್ತ ಶಿಕ್ಷಕ. ಸ್ಕೂಟರಿನಿಂದ ಬಿದ್ದು ತೊಡೆಯ ಮೂಳೆ ಮುರಿದು 34 ದಿನ ಆಸ್ಪತ್ರೆಯಲ್ಲಿದ್ದೆ. ಮೊದಲ ಹತ್ತು ದಿನ ಹಿಂಬದಿಯ ಕೋಣೆ. ಕಿಟಕಿಯಾಚೆ ಎರಡು ಬೇವಿನ ಮರಗಳಿದ್ದವು. ನೋವಿದ್ದಷ್ಟು ದಿನ ಆ ಮರಗಳು ಸಾಕಾಗಿದ್ದವು. ಹತ್ತನೆಯ ದಿನದ ಹೊತ್ತಿಗೆ ಅವುಗಳ ಪ್ರತಿ ಕೊಂಬೆಯೂ ಬಾಯಿಪಾಠವಾಗಿ, ನಾನಾಗಿಯೇ ಬೇಡಿಕೊಂಡು ರಸ್ತೆಯ ಕಡೆಯ ಹಾಸಿಗೆಗೆ ಹೋದೆ. ಅಲ್ಲಿಂದ ಎಳನೀರಿನ ಗಾಡಿ, ಶಾಲೆಯ ಮಕ್ಕಳು, ಹೊತ್ತಿಗೆ ಸರಿಯಾಗಿ ಎಂದೂ ಬಾರದ ಒಂದು ಬಸ್ಸು ಇವೆಲ್ಲ ಕಾಣುತ್ತಿದ್ದವು. ಲೋಕ ನಡೆಯುತ್ತಿದೆ, ನಾನೂ ಅದಕ್ಕೆ ಮರಳಬೇಕು ಎಂಬ ಆಸೆ ಹುಟ್ಟಿದ್ದು ಆ ಕಿಟಕಿಯಿಂದ. ಆದ್ದರಿಂದ ಎಲ್ಲರಿಗೂ ತೋಟವೇ ಒಳ್ಳೆಯದೆಂದು ತೀರ್ಮಾನಿಸಬೇಡಿ.

ಇನ್ನೊಂದು ಮಾತು. ಈ ಚರ್ಚೆಯಲ್ಲಿ ಇದುವರೆಗೆ ನನ್ನ ಹೆಂಡತಿಯ ಪ್ರಸ್ತಾಪ ಬಂದಿಲ್ಲ. ಆ 34 ರಾತ್ರಿ ಆಕೆ ಮಂಚದ ಪಕ್ಕದ ನೆಲದ ಮೇಲೆ ಚಾಪೆ ಹಾಸಿ ಮಲಗಿದಳು, ಅವಳಿಗೂ ಅರವತ್ತೆರಡು ವರ್ಷ. ನನಗೆ ನಿದ್ದೆ ಬಾರದಿದ್ದುದು ಬಹುಪಾಲು ನೋವಿನಿಂದಲ್ಲ. ಅವಳು ಮಗ್ಗುಲು ಬದಲಿಸಿದ ಸದ್ದಿನಿಂದ. ಟಿಫಿನ್ ಡಬ್ಬಿ, ಫ್ಲಾಸ್ಕು, ಬಟ್ಟೆಯ ಚೀಲ ಎಲ್ಲವೂ ನೆಲದ ಮೇಲೆಯೇ ಇರುತ್ತಿದ್ದವು. ಹೋಟೆಲಿನಂತಹ ಕೋಣೆಯೆಂದರೆ ಜೊತೆಗೆ ಬಂದವರಿಗೂ ಹಾಸಿಗೆ ಇರಬೇಕಷ್ಟೆ?

ಉತ್ತರ 4: ಮನೋವೈದ್ಯ, ಬೆಂಗಳೂರು

ಮೇಷ್ಟ್ರು ತಮ್ಮ ಅನುಭವದಿಂದ ಹೇಳಿದ ಮಾತು ಉಲ್ರಿಚ್ ಅವರ ಪ್ರಬಂಧದ ಕೊನೆಯಲ್ಲಿಯೇ ಇದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ತಮ್ಮ ತೀರ್ಮಾನವನ್ನು ಎಲ್ಲ ರೋಗಿಗಳಿಗೂ ಅನ್ವಯಿಸಬಾರದು, ಆತಂಕಕ್ಕಿಂತ ಬೇಸರವೇ ಹೆಚ್ಚಾಗಿ ಕಾಡುವ ದೀರ್ಘಕಾಲದ ರೋಗಿಗೆ ಜನ ಓಡಾಡುವ ಬೀದಿಯ ನೋಟವೇ ಮರಗಳಿಗಿಂತ ಹಿತವಾದೀತು ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ.

ದಿಕ್ಕಿನ ಬಗ್ಗೆಯೂ ಒಂದು ಅಧ್ಯಯನ ತಮಗೆ ಉಪಯೋಗಕ್ಕೆ ಬರಬಹುದು. 2001ರಲ್ಲಿ ಇಟಲಿಯ ಮಿಲಾನಿನಿಂದ ಪ್ರಕಟವಾದ ವರದಿಯಂತೆ, ಬೈಪೋಲಾರ್ ಕಾಯಿಲೆಯ (ಅತಿಯಾದ ಉತ್ಸಾಹ ಮತ್ತು ಖಿನ್ನತೆ ಸರದಿಯಂತೆ ಬರುವ ಮನೋರೋಗ) ಖಿನ್ನತೆಯಲ್ಲಿದ್ದ ರೋಗಿಗಳ ಪೈಕಿ ಬೆಳಗಿನ ಬಿಸಿಲು ಬೀಳುವ ಪೂರ್ವದ ಕೋಣೆಗಳಲ್ಲಿದ್ದವರು ಪಶ್ಚಿಮದ ಕೋಣೆಯವರಿಗಿಂತ ಸರಾಸರಿ 3.67 ದಿನ ಮುಂಚೆ ಬಿಡುಗಡೆಯಾದರು. ಇದನ್ನು ಮೂಳೆ ಮುರಿದವರಿಗೆ ನೇರವಾಗಿ ಹೊಂದಿಸಲಾಗದು, ಆದರೂ ಪೂರ್ವದ ಬದಿಯನ್ನು ತಳ್ಳಿಹಾಕದಿರಲು ಅದೊಂದು ಕಾರಣ.

ನನ್ನ ಹೆಚ್ಚಿನ ಕಾಳಜಿ ಎಪ್ಪತ್ತು ದಾಟಿದವರ ಬಗ್ಗೆ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯ ನಂತರ ಅವರಲ್ಲಿ ಹಲವರಿಗೆ ಡೆಲಿರಿಯಂ, ಅಂದರೆ ಹಠಾತ್ತನೆ ಬರುವ ಬುದ್ಧಿಭ್ರಮಣೆ, ಕಾಣಿಸಿಕೊಳ್ಳುತ್ತದೆ. ಊರು ಯಾವುದು, ಹೊತ್ತು ಯಾವುದು ಎಂಬುದೇ ತಪ್ಪಿಹೋಗುತ್ತದೆ. 1972ರ ಒಂದು ಹಳೆಯ ಹೋಲಿಕೆಯಲ್ಲಿ ಕಿಟಕಿಯಿಲ್ಲದ ತೀವ್ರ ನಿಗಾ ಘಟಕದಲ್ಲಿ ಶೇ 40 ರೋಗಿಗಳಿಗೂ ಕಿಟಕಿಯಿದ್ದ ಘಟಕದಲ್ಲಿ ಶೇ 18 ರೋಗಿಗಳಿಗೂ ಅದು ಬಂದಿತ್ತು. ಅನಂತರದ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ, ಕಿಟಕಿಯೊಂದೇ ಅದನ್ನು ತಡೆಯುತ್ತದೆ ಎನ್ನಲಾಗದು. ಕಾಲಿನ ಕಡೆಯ ಗೋಡೆಯ ಮೇಲೆ ದೊಡ್ಡ ಅಂಕಿಯ ಗಡಿಯಾರ, ದಪ್ಪಕ್ಷರದ ಕನ್ನಡ ಕ್ಯಾಲೆಂಡರು, ಹಗಲಿಗೆ ಹಗಲಿನ ಬೆಳಕು, ರಾತ್ರಿಗೆ ಕತ್ತಲು, ಕನ್ನಡಕ ಇಡಲು ಕೈಗೆಟುಕುವ ಹಲಗೆ ಇವೆಲ್ಲ ಒಟ್ಟಾಗಿ ನೆರವಾಗುತ್ತವೆ. ಹೂಬಳ್ಳಿಯ ವಾಲ್‌ಪೇಪರನ್ನು ನಾನು ಬೇಡವೆನ್ನುವುದೂ ಇದೇ ಕಾರಣಕ್ಕೆ: ಮಂದ ಬೆಳಕಿನಲ್ಲಿ ಆ ಬಳ್ಳಿಗಳು ಹಾವಾಗಿ, ಹುಳುವಾಗಿ ಹರಿದಾಡುವುದನ್ನು ಕಂಡು ಕಿರುಚಿಕೊಂಡ ಅಜ್ಜಂದಿರನ್ನು ನೋಡಿದ್ದೇನೆ. ಹೊಳೆಯುವ ಟೈಲ್ಸ್ ಅವರ ಕಣ್ಣಿಗೆ ನೀರು ಚೆಲ್ಲಿದಂತೆ ಕಾಣುತ್ತದೆ, ಕಾಲಿಡಲು ಹೆದರುತ್ತಾರೆ. ಹೊಳಪಿಲ್ಲದ ನೆಲಹಾಸನ್ನೇ ಆರಿಸಿ.

ಜೊತೆಗಿರುವವರ ವಿಷಯದಲ್ಲಿ ಮೇಷ್ಟ್ರ ಮಾತಿಗೆ ನನ್ನದೂ ದನಿ ಸೇರಿಸುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರು ರೋಗಿಯ ಜೊತೆಗೇ ಉಳಿಯುವ ಪದ್ಧತಿ ಬಹಳ ಹಿಂದಿನಿಂದ ನಡೆದುಬಂದಿದೆ. ನಮ್ಮಲ್ಲಿ ಕೋಣೆ ಒಬ್ಬರದಲ್ಲ, ಇಬ್ಬರದು. ವಿದೇಶದ ನಕ್ಷೆಗಳನ್ನು ನೋಡಿ ಕಟ್ಟುವಾಗ ಮೊದಲು ಮರೆತುಹೋಗುವುದು ಆ ಎರಡನೆಯವರೇ.

ಪ್ರಶ್ನೆ ಕೇಳಿದವರ ಮರುಮಾತು: ಅಳತೆಪಟ್ಟಿ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಮುದ್ರಿಸಿಕೊಂಡು ಹೋಗಿ ವೈದ್ಯ ದಂಪತಿಯೊಂದಿಗೆ ಕುಳಿತೆ. ಮಾತಿಗಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಮಡಚುವ ಮಂಚ; ಅದನ್ನು ಕಟ್ಟಡದ ಮೊದಲ ಮಹಡಿಗೆ ಹೊರಿಸಿ, ಬರಲಿರುವ ಕಿಟಕಿಯ ಅಳತೆಗೆ ಹಗ್ಗ ಕಟ್ಟಿ, ಡಾಕ್ಟರನ್ನೇ ಹತ್ತು ನಿಮಿಷ ಮಲಗಿಸಿದೆ. ಎದ್ದವರು ಫಾಲ್ಸ್ ಸೀಲಿಂಗಿನ ದೀಪಗಳು ನೇರವಾಗಿ ಕಣ್ಣಿಗೇ ಹೊಡೆಯುತ್ತವಲ್ಲ ಎಂದರು.

ಈಗ ಆಗಿರುವ ತೀರ್ಮಾನ ಹೀಗಿದೆ. ತೋಟದ ಬದಿಗೆ ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳ ರೋಗಿಗಳು ಮತ್ತು ಬಾಣಂತಿಯರು, ಅವರಿಗಾಗಿ ಐದು ಅಡಿಯ ಜಗಲಿ. ರಸ್ತೆಯ ಬದಿಗೆ ಪೂರ್ತಿ ಗಾಜಿನ ಬದಲು ಎರಡು ಪದರದ ಗಾಜಿನ ಕಿಟಕಿಗಳು, ಅಲ್ಲಿ ಹೆಚ್ಚು ದಿನ ಉಳಿಯುವವರು. ಇಲ್ಲಿಂದ ಅಲ್ಲಿಗೆ ಬದಲಿಸಿಕೊಳ್ಳುವ ಅವಕಾಶವೂ ಇರುತ್ತದೆ. ವಾಲ್‌ಪೇಪರ್ ಕೈಬಿಟ್ಟಿದೆ. ಜೊತೆಗಿರುವವರಿಗೆ ಕಿಟಕಿಯ ಕೆಳಗೆ ಆರೂಕಾಲು ಅಡಿ ಉದ್ದದ ಕಟ್ಟೆ, ಮೇಲೆ ರೆಕ್ಸಿನ್ ಹಾಸಿಗೆ, ಕೆಳಗೆ ಚೀಲ ಇಡುವ ಖಾನೆ. ಟಿವಿಯ ವಿಷಯದಲ್ಲಿ ಮಾತ್ರ ಅವರು ಜಗ್ಗಲಿಲ್ಲ. ಹಿಂಬದಿಯ ಮೆಟ್ಟಿಲನ್ನು ರ‍್ಯಾಂಪಾಗಿ ಬದಲಿಸಿದರೆ ಸಿಸ್ಟರ್ ಕೇಳಿದ ಆ ದಾರಿಗೂ ಒಂದು ವ್ಯವಸ್ಥೆಯಾಗುತ್ತದೆ. ಜಾಗ ಸಾಲುವುದೇ ಎಂದು ಅಳೆಯುತ್ತಿದ್ದೇನೆ.

ಉತ್ತರ 5: ವಾರ್ಡ್ ಸಿಸ್ಟರ್, ಹಾಸನ

ಸಂತೋಷ. ಕಟ್ಟೆಯ ಪಕ್ಕದಲ್ಲಿ ಮೊಬೈಲ್ ಚಾರ್ಜಿಗೆ ಒಂದು ಪ್ಲಗ್ಗು ಕೊಡಿ, ಇಲ್ಲದಿದ್ದರೆ ನಮ್ಮ ಯಂತ್ರದ ಪ್ಲಗ್ಗನ್ನೇ ಕಿತ್ತು ಹಾಕಿಕೊಳ್ಳುತ್ತಾರೆ. ಕೋಣೆಯ ಬಾಗಿಲನ್ನು ಎಷ್ಟು ಅಗಲ ಇಟ್ಟಿದ್ದೀರಿ ಎಂದು ಬರೆಯಲಿಲ್ಲ. ನಾಲ್ಕು ಅಡಿಗಿಂತ ಕಡಿಮೆಯಿದ್ದರೆ ಮಂಚವನ್ನು ಓರೆ ಮಾಡಿ ಹೊರತರಬೇಕಾಗುತ್ತದೆ, ಮುರಿದ ಕಾಲಿನವರು ಆಗ ಎರಡೂ ಕೈಯಲ್ಲಿ ಸರಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.