ಅಧಿಕ ಒತ್ತಡದ ಅನಿಲ ಮಾರ್ಗಕ್ಕೆ ಸಂಪರ್ಕ: ಸಾಮರ್ಥ್ಯ ಕಾಯ್ದಿರಿಸುವುದು ಹೇಗೆ?

ಪ್ರಶ್ನೆ: ಸರ್, ನಮ್ಮ ಕಾರ್ಖಾನೆಯ ಹತ್ತಿರವೇ 60 ಬಾರ್ ಒತ್ತಡದ ಅನಿಲ ಕೊಳವೆಮಾರ್ಗ ಹಾದುಹೋಗಿದೆ. ಬಾಯ್ಲರ್‌ಗಳಿಗೂ ಒಣಗಿಸುವ ಯಂತ್ರಕ್ಕೂ ಸೇರಿ ವರ್ಷಕ್ಕೆ 1.2 ಕೋಟಿ ಘನ ಮೀಟರ್ ಅನಿಲ ಬೇಕು. ಸಂಪರ್ಕ ಮಂಜೂರಾದರೆ ಅಷ್ಟೂ ಅನಿಲ ಬರುತ್ತದೆಯೇ?

ಉತ್ತರ: ಬರುತ್ತದೆ ಎಂದು ನಂಬಿಕೊಂಡು ಹೂಡಿಕೆ ಮಾಡಬೇಡಿ. ಸಂಪರ್ಕವೆಂದರೆ ಉಕ್ಕಿನ ಕೊಳವೆ, ವಾಲ್ವ್, ಮೀಟರ್ ಇಷ್ಟೇ. ಅದರ ಮೂಲಕ ಗಂಟೆಗೆ ಇಷ್ಟು ಎಂದು ಅನಿಲ ಸಾಗಿಸುವ ಹಕ್ಕು, ಅಂದರೆ ಸಾಮರ್ಥ್ಯ, ಬೇರೆ ಒಪ್ಪಂದ. ಅನಿಲದ ಖರೀದಿ ಸಾಮಾನ್ಯವಾಗಿ ಮೂರನೆಯದು.

ಇನ್ನು ನೀವು ಕೊಟ್ಟಿರುವ ವಾರ್ಷಿಕ ಲೆಕ್ಕದಿಂದ ಸಾಮರ್ಥ್ಯ ನಿರ್ಧರಿಸಲಾಗದು. 1.2 ಕೋಟಿಯನ್ನು ವರ್ಷದ 8,760 ಗಂಟೆಗಳಿಗೆ ಹಂಚಿದರೆ ಗಂಟೆಗೆ ಸುಮಾರು 1,370 ಘನ ಮೀಟರ್. ಎಲ್ಲ ಬಾಯ್ಲರ್‌ಗಳೂ ಒಣಗಿಸುವ ಯಂತ್ರವೂ ಒಟ್ಟಿಗೆ ಉರಿದಾಗ ಗಂಟೆಗೆ 3,000 ಬೇಕಾದರೆ, ನೀವು ಕಾಯ್ದಿರಿಸಬೇಕಾದದ್ದು 3,000. ಕಾಯ್ದಿರಿಸಿದ ಸಾಮರ್ಥ್ಯಕ್ಕೆ ಬಳಸಿದರೂ ಬಳಸದಿದ್ದರೂ ಶುಲ್ಕ ಕಟ್ಟಬೇಕು. ಹಾಗಾಗಿ ಒಂದೇ ಸಮನೆ ಉರಿಸುವವರಿಗೆ ಹೋಲಿಸಿದರೆ ಪ್ರತಿ ಘನ ಮೀಟರ್‌ಗೆ ನಿಮ್ಮ ಕಾಯ್ದಿರಿಸುವಿಕೆಯ ವೆಚ್ಚ ಎರಡು ಪಟ್ಟಿಗೂ ಹೆಚ್ಚು. ಯಂತ್ರಗಳನ್ನು ಒಂದಾದ ಮೇಲೊಂದರಂತೆ ಚಾಲೂ ಮಾಡಿ ಗರಿಷ್ಠ ಬೇಡಿಕೆಯನ್ನು 2,400ಕ್ಕೆ ಇಳಿಸಲು ಸಾಧ್ಯವೇ ಎಂದು ಮೊದಲು ನೋಡಿ. ಶುಲ್ಕದಲ್ಲಿ ಚೌಕಾಸಿ ಮಾಡುವುದಕ್ಕಿಂತ ಇದರಲ್ಲಿ ಉಳಿಯುವುದೇ ಹೆಚ್ಚು.

ಪ್ರಶ್ನೆ: ಖಚಿತ ಸಾಮರ್ಥ್ಯಕ್ಕಿಂತ ಕಡಿತಕ್ಕೆ ಒಳಪಡುವ ಸಾಮರ್ಥ್ಯ ಅಗ್ಗ ಎನ್ನುತ್ತಾರೆ. ಅದನ್ನೇ ತೆಗೆದುಕೊಂಡರೆ?

ಉತ್ತರ: ಮಾರ್ಗದಲ್ಲಿ ಒತ್ತಡ ಕುಸಿದಾಗ ಮೊದಲು ಕಡಿತವಾಗುವುದು ಅಂಥವರ ಪಾಲು. ಅದೂ ಎಲ್ಲರಿಗೂ ಅನಿಲ ಬೇಕಾಗಿರುವ ದಿನವೇ. ಬೇರೆ ಇಂಧನಕ್ಕೆ ಬದಲಾಗಬಲ್ಲ ಬಾಯ್ಲರ್ ಇದ್ದರೆ ಅದರ ಪಾಲನ್ನು ಮಾತ್ರ ಹೀಗೆ ತೆಗೆದುಕೊಳ್ಳಿ. ನಿಲ್ಲಿಸಲಾಗದ ಯಂತ್ರಕ್ಕೆ ಖಚಿತ ಸಾಮರ್ಥ್ಯವೇ ಬೇಕು. ಇಲ್ಲಿ ಜಿಪುಣತನ ಸಲ್ಲದು.

ಪ್ರಶ್ನೆ: 60 ಬಾರ್‌ನಿಂದ ನಮಗೆ ಬೇಕಾದ 4 ಬಾರ್‌ಗೆ ಇಳಿಸಲು ಒಂದು ನಿಯಂತ್ರಕ ಸಾಕಲ್ಲವೇ? ದರಪಟ್ಟಿಯಲ್ಲಿ ಹೀಟರ್ ಏಕೆ ಸೇರಿಸಿದ್ದಾರೆ?

ಉತ್ತರ: ದಯವಿಟ್ಟು ಅದನ್ನು ಕೈಬಿಡಬೇಡಿ. ನೈಸರ್ಗಿಕ ಅನಿಲದ ಒತ್ತಡ ಒಂದು ಬಾರ್ ಇಳಿದರೆ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 56 ಬಾರ್ ಇಳಿಸಿದರೆ ಹತ್ತಿರಹತ್ತಿರ 28 ಡಿಗ್ರಿ. 15 ಡಿಗ್ರಿಯಲ್ಲಿ ಬಂದ ಅನಿಲ ನಿಯಂತ್ರಕದಿಂದ ಹೊರಬರುವಾಗ ಶೂನ್ಯಕ್ಕಿಂತ ಕೆಳಗಿರುತ್ತದೆ. ಕೊಳವೆಯ ಹೊರಮೈಗೆ ಮಂಜು ಕಟ್ಟುತ್ತದೆ. ಅನಿಲದಲ್ಲಿ ತೇವ ಉಳಿದಿದ್ದರೆ ಒಳಗೆ ಹೈಡ್ರೇಟ್ ಎಂಬ ಮಂಜುಗಡ್ಡೆಯಂಥ ಹರಳು ಕೂಡಿಕೊಂಡು ನಿಯಂತ್ರಕದ ಸಣ್ಣ ದಾರಿಯನ್ನೇ ಮುಚ್ಚಬಲ್ಲದು. ಆದ್ದರಿಂದ ಫಿಲ್ಟರ್ ಆದ ಮೇಲೆ ಹೀಟರ್, ಅನಂತರ ನಿಯಂತ್ರಕ. ನಿಯಂತ್ರಕ ಕೈಕೊಟ್ಟರೆ ತಾನಾಗಿಯೇ ಮುಚ್ಚಿಕೊಳ್ಳುವ ಸುರಕ್ಷತಾ ವಾಲ್ವ್ ಪ್ರತ್ಯೇಕವಾಗಿಯೇ ಇರಬೇಕು. ಸೋರಿಕೆ ಮೂಗಿಗೆ ತಿಳಿಯಲೆಂದು ಬೆರೆಸುವ ವಾಸನೆ ಹಲವೆಡೆ ಅಧಿಕ ಒತ್ತಡದ ಮಾರ್ಗದ ಅನಿಲದಲ್ಲಿ ಇರುವುದಿಲ್ಲ. ಆ ವ್ಯವಸ್ಥೆ ಯಾರದು ಎಂದೂ ಕೇಳಿ.

ಇನ್ನೊಂದು ಮಾತು. ಮಾರ್ಗದಲ್ಲಿ ಇಂದು ಇರುವ ಒತ್ತಡವನ್ನು ನೆಚ್ಚಿ ನಿಲ್ದಾಣ (ಫಿಲ್ಟರ್, ಹೀಟರ್, ನಿಯಂತ್ರಕ, ಮೀಟರ್ ಕೂರಿಸುವ ಜಾಗ) ವಿನ್ಯಾಸಗೊಳಿಸಬೇಡಿ. ಒಪ್ಪಂದದಲ್ಲಿ ಖಾತರಿ ಕೊಟ್ಟ ಕನಿಷ್ಠ ಒತ್ತಡದಲ್ಲೂ ನಿಮ್ಮ ಗರಿಷ್ಠ ಹರಿವು ಮೀಟರ್ ದಾಟಿ ಬರಬೇಕು.

ಪ್ರಶ್ನೆ: ಜೋಡಣೆಗೆ ಇಡೀ ಮಾರ್ಗವನ್ನೇ ನಿಲ್ಲಿಸುತ್ತಾರೆಯೇ?

ಉತ್ತರ: ಬಹಳ ಸಲ ಬೇಕಾಗುವುದಿಲ್ಲ. ಅನಿಲ ಹರಿಯುತ್ತಿರುವಾಗಲೇ ಕೊಳವೆಯ ಮೇಲೆ ಕವಲು ಬೆಸೆದು, ವಾಲ್ವ್ ಕೂರಿಸಿ, ಅದರ ಮೂಲಕ ರಂಧ್ರ ಕೊರೆಯುತ್ತಾರೆ. ಹಾಟ್ ಟ್ಯಾಪಿಂಗ್ ಎನ್ನುವುದು ಇದನ್ನೇ. ಹರಿಯುವ ಅನಿಲ ಬೆಸುಗೆಯನ್ನು ಬೇಗ ತಣಿಸುವುದರಿಂದ ಬಿರುಕಿನ ಅಪಾಯವಿದೆ. ಕೊಳವೆ ಗೋಡೆಯ ದಪ್ಪವನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಅಳೆದ ನಂತರವೇ ಬೆಸುಗೆಗೆ ಕೈಹಾಕುತ್ತಾರೆ. ಈ ಕೆಲಸ ಮಾರ್ಗದ ನಿರ್ವಾಹಕರದೇ, ನಿಮ್ಮ ಗುತ್ತಿಗೆದಾರರದಲ್ಲ.

ಪ್ರಶ್ನೆ: ಸಂಪರ್ಕಕ್ಕೆ ಹಣ ಕಟ್ಟಿದ ಮೇಲೆ ಸಾಮರ್ಥ್ಯ ಇಲ್ಲವೆಂದರೆ?

ಉತ್ತರ: ಅದಕ್ಕೇ ಸಂಪರ್ಕದ ಅರ್ಜಿ, ಸಾಮರ್ಥ್ಯದ ಅರ್ಜಿ ಎರಡನ್ನೂ ಜೊತೆಯಲ್ಲೇ ಕೊಡಿ. ಖಚಿತ ಸಾಮರ್ಥ್ಯ ಲಿಖಿತವಾಗಿ ಸಿಗುವವರೆಗೆ, ಸಂಪರ್ಕ ಸಾಧ್ಯವೇ ಎಂದು ನೋಡುವ ಅಧ್ಯಯನದ ಶುಲ್ಕ ಬಿಟ್ಟು ದೊಡ್ಡ ಕಂತು ಕಟ್ಟಬೇಡಿ. ಕಾಯ್ದಿರಿಸುವಿಕೆಯ ಶುಲ್ಕ ಶುರುವಾಗುವುದು ನಿಲ್ದಾಣ ಚಾಲನೆಗೊಂಡ ದಿನದಿಂದ ಎಂಬ ಷರತ್ತು ಸೇರಿಸಲು ಪಟ್ಟು ಹಿಡಿಯಿರಿ. ಕಾಮಗಾರಿ ತಡವಾದರೆ ಹರಿಯದ ಅನಿಲಕ್ಕೆ ತಿಂಗಳುಗಟ್ಟಲೆ ಶುಲ್ಕ ಕಟ್ಟುವ ಪಾಡು ನಿಮಗೆ ಬರಬಾರದು.