18 ದಾಟಿದ ಮಗನಿಗೆ ನಾಟಕ ಶಿಬಿರ: ಸೇರಿಸುವ ಮುಂಚೆ ಏನೇನು ಕೇಳಬೇಕು?

ಕುವೆಂಪುನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 22 ವರ್ಷ, ಆಟಿಸಂ ಇದೆ. ತಾನಾಗಿ ಆಡುವ ಮಾತು ಕಮ್ಮಿ, ಆದರೆ ಕೇಳಿದ್ದನ್ನು ಹಾಗೇ ಒಪ್ಪಿಸುತ್ತಾನೆ. ಸಿಟಿ ಬಸ್ ಕಂಡಕ್ಟರ್ "ಯಾರ್ರೀ ಟಿಕೆಟ್, ಒಳಗಡೆ ಹೋಗ್ರೀ, ರೈಟ್ ರೈಟ್" ಅನ್ನುವುದನ್ನು ಸೀಟಿ ಸಮೇತ ಮಾಡಿ ತೋರಿಸುತ್ತಾನೆ. ನಾಟಕ ಅಂದರೆ ಪ್ರಾಣ. ಮೈಸೂರಲ್ಲಿ ಬೇಸಿಗೆ ಶಿಬಿರಕ್ಕೇನೂ ಬರ ಇಲ್ಲ, ರಂಗಾಯಣದ ಚಿಣ್ಣರ ಮೇಳದಿಂದ ಹಿಡಿದು ಬಡಾವಣೆಗೊಂದು ಇರುತ್ತದೆ, ಆದರೆ ಅವೆಲ್ಲ ಮಕ್ಕಳಿಗೆ. ಮೀಸೆ ಬಂದವನನ್ನು ಯಾರು ಸೇರಿಸಿಕೊಳ್ಳುತ್ತಾರೆ? ದೊಡ್ಡವರ ತಂಡವೊಂದರಲ್ಲಿ ಕೇಳಿದ್ದಕ್ಕೆ "ಉಳಿದವರಿಗೆ ಡಿಸ್ಟರ್ಬ್ ಆಗುತ್ತೆ ಮೇಡಂ" ಅಂದರು. ಈಗ ಇನ್ನೊಂದು ಕಡೆ "ಕರ್ಕೊಂಡು ಬನ್ನಿ, ನೋಡೋಣ" ಅಂದಿದ್ದಾರೆ. ಅವರನ್ನು ಏನೇನು ಕೇಳಬೇಕು, ಗೊತ್ತಿರುವವರು ಹೇಳಿ.

ಸೈಡ್‌ವಿಂಗ್:
ಅಕ್ಕಾ, ನಾನು ಇಂಥ ಶಿಬಿರಗಳನ್ನು ನಡೆಸುತ್ತೇನೆ. "ನಿಮಗೆ ಅನುಭವ ಇದೆಯಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಮೊದಲ ಅರ್ಧ ಗಂಟೆ ಏನು ಮಾಡಿಸುತ್ತೀರಿ ಅಂತ ಕೇಳಿ. ಅಲ್ಲೇ ಗೊತ್ತಾಗುತ್ತದೆ. ನಮ್ಮವರಿಗೆ ಒಂದು ಚಾಳಿ ಇದೆ, ಶುರುವಿಗೇ ಎಲ್ಲರನ್ನೂ ಸುತ್ತ ನಿಲ್ಲಿಸಿ ಕೈ ಕೈ ಹಿಡಿಸಿ, ಜೋರಾಗಿ ಕೂಗಿಸಿ, ಕಣ್ಣು ಮುಚ್ಚಿ ಹಿಂದಕ್ಕೆ ಬೀಳು ನಾವು ಹಿಡಿಯುತ್ತೇವೆ ಅನ್ನುವುದು. ಮುಟ್ಟಿದರೆ, ಗದ್ದಲವಾದರೆ ತಡೆಯದ ಹುಡುಗ ಅಲ್ಲಿಗೇ ಬಾಗಿಲ ಕಡೆ ಓಡುತ್ತಾನೆ. ಕನ್ನಡಿ ಆಟದಿಂದ ಶುರು ಮಾಡಬಹುದು. ಎದುರಿಗೆ ದೂರ ನಿಂತು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡುವುದು, ಮುಟ್ಟುವ ಮಾತೇ ಇಲ್ಲ.

"ಗಾಳಿ ಆಗು" ಅಂದರೆ ನಿಮ್ಮ ಮಗ ಸುಮ್ನೆ ನಿಂತುಬಿಡಬಹುದು. ಕೈಗೊಂದು ಹಳೇ ಪಂಚೆ ಕೊಟ್ಟು ಬೀಸು ಅನ್ನಲಿ, ಗಾಳಿ ತಾನೇ ಬರುತ್ತದೆ. ದಿನದ ಕೆಲಸವನ್ನು ಚಿತ್ರ ಬರೆದು ಗೋಡೆಗೆ ಅಂಟಿಸುತ್ತಾರಾ, ಸಾಕಾದಾಗ ಹೋಗಿ ಕೂರಲು ಒಂದು ಮೂಲೆ ಇದೆಯಾ, ಇದನ್ನೂ ಕೇಳಿ. ಶಿಬಿರಕ್ಕೆ ಮುಂಚೆ ಒಂದು ಸಲ ಖಾಲಿ ಹಾಲ್ ತೋರಿಸಿಕೊಂಡು ಬನ್ನಿ. ಎಷ್ಟೋ ಹಾಲ್‌ಗಳಲ್ಲಿ ಮಾತು ಗುಂಯ್ ಅನ್ನುತ್ತದೆ, ತಗಡಿನ ಸೂರಾದರೆ ಮಳೆ ಬಂದಾಗ ಮುಗೀತು.

ಇನ್ನೊಂದು. ಕೇಳಿದ್ದನ್ನು ಹಾಗೇ ಒಪ್ಪಿಸುವ ಹುಡುಗನಿಗೆ ಯಕ್ಷಗಾನದ ಕ್ರಮ ಚೆನ್ನಾಗಿ ಒಗ್ಗುತ್ತದೆ ಅಂತ ನನ್ನ ಅನಿಸಿಕೆ. ಭಾಗವತರು ರಂಗದ ಮೇಲೇ ಇರುತ್ತಾರೆ, ಕಥೆ ಅವರ ಪದ್ಯದಲ್ಲಿ ಸಾಗುತ್ತದೆ, ಪಾತ್ರಧಾರಿ ಅದಕ್ಕೆ ಕುಣಿದು ಆಮೇಲೆ ತನ್ನ ಮಾತು ಸೇರಿಸುತ್ತಾನೆ. ಮರೆತರೆ ಭಾಗವತರು ಅದೇ ಸಾಲನ್ನು ಮತ್ತೆ ಹಾಡಿದರಾಯಿತು, ತಪ್ಪಿದ್ದು ಯಾರಿಗೂ ಗೊತ್ತಾಗಲ್ಲ. ಕದ್ದುಮುಚ್ಚಿ ಪ್ರಾಂಪ್ಟ್ ಮಾಡುವ ಗೋಜಿಲ್ಲ. ಚಂಡೆ ಮಾತ್ರ ಬೇಡ, ಮದ್ದಳೆ ಸಾಕು.

ಗಾಲಿಕುರ್ಚಿ:
ಎಲ್ಲ ಸರಿ. ಆಂಟಿ, ನಿಮ್ಮ ಮಗನನ್ನೇ ಕೇಳಿದಿರಾ? 22 ವರ್ಷ ಅಲ್ವಾ. ಮಾತು ಬಾರದಿದ್ದರೆ ಫೋಟೋ ತೋರಿಸಿ ಕೇಳಬಹುದು. ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಲು ಒಪ್ಪಿಗೆಯನ್ನೂ ಅವನಿಂದಲೇ ಪಡೆಯಬೇಕು.

ನನಗೆ ಸೆರೆಬ್ರಲ್ ಪಾಲ್ಸಿ. ಹಾಲ್ ಬಾಗಿಲಿಗೆ ರ‍್ಯಾಂಪ್ ಹಾಕಿ ಭುಜ ತಟ್ಟಿಕೊಳ್ಳುತ್ತಾರೆ, ಒಳಗೆ ಹೋದರೆ ಸ್ಟೇಜಿಗೆ ಮೆಟ್ಟಿಲು. ಆಗ ನಾಲ್ಕು ಜನ ಬಂದು ನನ್ನನ್ನು ಕುರ್ಚಿ ಸಮೇತ ಎತ್ತುತ್ತಾರೆ, ಜನ ಅದಕ್ಕೇ ಚಪ್ಪಾಳೆ ತಟ್ಟುತ್ತಾರೆ, ನಾನಿನ್ನೂ ಬಾಯಿ ಬಿಟ್ಟಿರುವುದಿಲ್ಲ. ಸ್ಟೇಜನ್ನೇ ಬಿಟ್ಟು ಕೆಳಗೆ ನೆಲದಲ್ಲಿ ಆಡಿ, ಜನ ಸುತ್ತ ಕೂರಲಿ. ಖರ್ಚೂ ಇಲ್ಲ. ನನ್ನ ಒಂದು ಸಾಲು ಮುಗಿಯಲು ಜಾಸ್ತಿ ಹೊತ್ತು ಬೇಕು. ಎದುರಿನ ಪಾತ್ರ ನನ್ನ ಮಾತನ್ನು ತಾನೇ ಮುಗಿಸದೆ ಕಾಯುವುದನ್ನೂ ರಿಹರ್ಸಲ್‌ನಲ್ಲೇ ಕಲಿಯಬೇಕು.

"ದಯವಿಟ್ಟು ಸೇರಿಸಿಕೊಳ್ಳಿ" ಅಂತ ಬೇಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಇರುವುದೇ ಸಂಸ್ಕೃತಿ, ಮನರಂಜನೆಗೆ. ಕಲೆ ಕಲಿಸುವ ಕೋರ್ಸುಗಳನ್ನು ನಾವೂ ಸೇರುವ ಹಾಗೆ ಬದಲಿಸುವುದು ಸರ್ಕಾರದ ಕೆಲಸ ಅಂತ ಅದರಲ್ಲಿದೆ. ಹಾಗಂತ ಸಣ್ಣ ತಂಡದ ಮುಂದೆ ಕಾಯ್ದೆ ಓದಲು ಹೋಗಬೇಡಿ, ಪಾಪ, ಅವರಿಗೇ ಹಾಲ್ ಬಾಡಿಗೆ ಕಟ್ಟಲು ಕಾಸಿರಲ್ಲ.

ಕಡಲತಡಿ ಅಪ್ಪ:
ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಶಿಬಿರ ಒಳ್ಳೇದು, ಸಮಾರೋಪ ಬೇಡ. ಮಗಳಿಗೆ ಡೌನ್ ಸಿಂಡ್ರೋಮ್. ಮುಖಕ್ಕೆ ಬಣ್ಣ, ತಲೆಗೆ ಕಿರೀಟ, ಸೆಕೆಯಲ್ಲಿ ಬೆವರು ಸುರಿಸುತ್ತಾ ಕೂತಿದ್ದಾಳೆ, ಸ್ಟೇಜಿನ ಮೇಲೆ ಶಾಲು, ಹಾರ, ಭಾಷಣ ಮುಗಿಯುವುದೇ ಇಲ್ಲ. ಕೊನೆಗೆ ಅವಳ ಸರದಿ ಬಂದಾಗ ನಿದ್ದೆ ಹೋಗಿದ್ದಳು. ಮುಂದಿನ ಸಾಲಿನವರು "ಪಾಪ, ದೇವರ ಮಕ್ಕಳು" ಅಂದರು. ಕಲಿತದ್ದನ್ನು ನಾಲ್ಕು ಗೋಡೆ ಒಳಗೇ ಆಡಿ ಮುಗಿಸಿದರೆ ಏನು ನಷ್ಟ?

ಸೈಡ್‌ವಿಂಗ್:
ಸರ್, ಸಿಟ್ಟು ನ್ಯಾಯವೇ, ಆದರೆ ನಾಟಕ ಅಂದಮೇಲೆ ನೋಡುವವರು ಬೇಕೇ ಬೇಕು. ಬೇಡವಾದದ್ದು ಭಾಷಣ, ಅದನ್ನು ಕಿತ್ತು ಹಾಕೋಣ. ಇಂಗ್ಲೆಂಡಿನಲ್ಲಿ ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್ ಅಂತ ಮಾಡುತ್ತಾರೆ. ಸಭಾಂಗಣ ಪೂರ್ತಿ ಕತ್ತಲು ಮಾಡಲ್ಲ, ದಿಢೀರ್ ಶಬ್ದ ಇರಲ್ಲ, ಎದ್ದು ಹೋಗಿ ಮತ್ತೆ ಬಂದು ಕೂರಬಹುದು, ಕೂಗಿದರೂ ಯಾರೂ ತಿರುಗಿ ನೋಡಲ್ಲ. ನಮ್ಮೂರ ಬಯಲಾಟದಲ್ಲಿ ಜನ ಕೂರುತ್ತಿದ್ದದ್ದೇ ಹೀಗಲ್ವಾ, ಮಧ್ಯೆ ಎದ್ದು ಹೋಗಿ ಚುರುಮುರಿ ತಿಂದು ಬರುತ್ತಿದ್ದರು. ಬಣ್ಣ ಬೇಡದವರಿಗೆ ಒಂದು ಶಲ್ಯ ಸಾಕು, ಪಾತ್ರ ಗೊತ್ತಾಗುತ್ತದೆ.

ಕಡಲತಡಿ ಅಪ್ಪ:
ಭಾಷಣ ಇಲ್ಲದ ಸಮಾರೋಪ ಕರ್ನಾಟಕದಲ್ಲಿ ಆದ ದಿನ ಹೇಳಿ, ನಾನೇ ಸಿಹಿ ಹಂಚುತ್ತೇನೆ.

ಕುವೆಂಪುನಗರದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಮಗನಿಗೆ ಫೋಟೋ ತೋರಿಸಿ ಕೇಳಿದೆ. ಮದ್ದಳೆ ಮೇಲೆ ಬೆರಳಿಟ್ಟ, ಕಿರೀಟದ ಚಿತ್ರವನ್ನು ತಳ್ಳಿಬಿಟ್ಟ. ಖಾಲಿ ಹಾಲ್ ನೋಡಲು ಗುರುವಾರ ಸಂಜೆ ಬನ್ನಿ ಅಂದಿದ್ದಾರೆ. ಕೊನೇ ಪ್ರಶ್ನೆ, ಶಿಬಿರ ನಡೆಯುವಾಗ ನಾನು ಒಳಗೆ ಕೂರಲಾ, ಹೊರಗಿರಲಾ?

ಗಾಲಿಕುರ್ಚಿ:
ಹೊರಗೆ, ಆಂಟಿ. ಒಳಗಿದ್ದರೆ ಪ್ರತಿ ಸಲ ನಿಮ್ಮ ಮುಖ ನೋಡಿಯೇ ಆಡುತ್ತಾನೆ. ಕೂಗಿದರೆ ಕೇಳಿಸುವಷ್ಟು ಹತ್ತಿರ ಇರಿ, ಸಾಕು.